ಸ್ಮಾರಕಗಳ ಮುಂದೆ ಕುಳಿತು ಚಿತ್ರ ಬರೆಯಲು ನಮಗೆ ಅವಕಾಶ ಕೊಡಿ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಸಂರಕ್ಷಿತ ಸ್ಮಾರಕಗಳ ಹಾಗೂ ವಸ್ತುಸಂಗ್ರಹಾಲಯಗಳ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ,

ವಿಷಯ: ಕಲಾ ವಿದ್ಯಾರ್ಥಿಗಳು ಸ್ಮಾರಕ ಮತ್ತು ವಸ್ತುಸಂಗ್ರಹಾಲಯಗಳಲ್ಲಿ ಸ್ಥಳದಲ್ಲೇ ಕುಳಿತು ರೇಖಾಚಿತ್ರ ಬರೆಯಲು ಲಿಖಿತ ಅನುಮತಿ ನೀಡುವ ಕುರಿತು.

ಮಾನ್ಯರೆ,

ನಾನು ಕಲಬುರಗಿಯಲ್ಲಿ ದೃಶ್ಯಕಲೆ ಓದುತ್ತಿರುವ ವಿದ್ಯಾರ್ಥಿನಿ. ಚಿತ್ರಕಲೆ ನನ್ನ ಮುಖ್ಯ ವಿಷಯ. ನಮ್ಮ ಮೂರು ಜಿಲ್ಲೆಗಳಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯ ಶಿಲ್ಪಗಳಿಂದ ಹಿಡಿದು ಬಹಮನಿ ಸುಲ್ತಾನರ ಕಾಲದ ಭಿತ್ತಿಚಿತ್ರಗಳವರೆಗೆ ಎಷ್ಟೋ ಕಲಾಕೃತಿಗಳು ಹುಟ್ಟಿದ ಜಾಗದಲ್ಲೇ ಉಳಿದಿವೆ. ಆದರೆ ಅವುಗಳ ಎದುರು ಒಂದೆರಡು ಗಂಟೆ ಕುಳಿತು, ನಿಧಾನವಾಗಿ ನೋಡಿ, ಕಾಗದದ ಮೇಲೆ ಬರೆದುಕೊಳ್ಳುವುದು ನಮ್ಮಂಥವರಿಗೆ ಇವತ್ತು ಸುಲಭವಾಗಿಲ್ಲ. ಎಲ್ಲಿಯೂ ಸ್ಪಷ್ಟವಾಗಿ ಬರೆಯದ ಒಂದು ನಿರ್ಬಂಧ ನಮ್ಮನ್ನು ತಡೆಯುತ್ತಿದೆ. ಆ ಬಗ್ಗೆ ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುವುದಕ್ಕೆ ಕಾರಣವಿದೆ. ಇದು ಒಂದು ಇಲಾಖೆಗೆ ಸೇರಿದ ವಿಷಯವಲ್ಲ. ಕೆಲವು ಸ್ಮಾರಕಗಳು ಕೇಂದ್ರದ ಸುಪರ್ದಿಯಲ್ಲಿವೆ, ಕೆಲವು ರಾಜ್ಯದ ಸುಪರ್ದಿಯಲ್ಲಿವೆ, ಇನ್ನು ಕೆಲವನ್ನು ಟ್ರಸ್ಟುಗಳು ನೋಡಿಕೊಳ್ಳುತ್ತವೆ. ಯಾರ ಬಳಿ ಹೋದರೂ ‘ನಮ್ಮ ಕೈಯಲ್ಲಿಲ್ಲ’ ಎಂಬ ಉತ್ತರವೇ ಸಿಗುತ್ತಿರುವುದರಿಂದ ಎಲ್ಲರನ್ನೂ ಒಟ್ಟಿಗೆ ಉದ್ದೇಶಿಸಿ ಬರೆಯಬೇಕಾಯಿತು.

ನಡೆದ ಸಂಗತಿಯನ್ನು ಮೊದಲು ಹೇಳುತ್ತೇನೆ. ನಮ್ಮ ಭಾಗದ ಒಂದು ಸ್ಮಾರಕಕ್ಕೆ ನಾನು ಮತ್ತು ನನ್ನ ಇಬ್ಬರು ಸಹಪಾಠಿಗಳು ಟಿಕೆಟ್ ಪಡೆದು ಹೋಗಿದ್ದೆವು. ಕೈಯಲ್ಲಿ ಇದ್ದದ್ದು ಕ್ಲಿಪ್ ಹಾಕಿದ ಡ್ರಾಯಿಂಗ್ ಬೋರ್ಡ್, ಕಾಗದ, ಪೆನ್ಸಿಲ್ ಮತ್ತು ರಬ್ಬರ್ ಮಾತ್ರ. ಗೋಡೆಯಿಂದ ದೂರದಲ್ಲಿ, ಯಾರಿಗೂ ಅಡ್ಡವಾಗದಂತೆ ಕುಳಿತಿದ್ದೆವು. ಕಾವಲಿನವರು ಬಂದು, “ಯವ್ವಾ, ಇಲ್ಲಿ ಕುಂತು ಚಿತ್ರ ತೆಗ್ಯಾಂಗಿಲ್ಲ. ಬೇಕಾದ್ರ ಮೊಬೈಲ್‌ನಾಗ ಫೋಟೊ ಹೊಡ್ಕೊಂಡು ಹೋಗ್ರಿ” ಎಂದರು. ಯಾವ ನಿಯಮ ಎಂದು ವಿನಯದಿಂದಲೇ ಕೇಳಿದೆವು. “ಮ್ಯಾಲಿನವರು ಹೇಳ್ಯಾರ” ಎಂಬುದಷ್ಟೇ ಅವರ ಉತ್ತರವಾಗಿತ್ತು. ಪ್ರವೇಶದ್ವಾರದ ಫಲಕದಲ್ಲಿ ಅಂಥ ನಿಯಮ ಇರಲಿಲ್ಲ. ಕಚೇರಿಯಲ್ಲಿ ವಿಚಾರಿಸಿದಾಗ ಕಾಲೇಜಿನಿಂದ ಪತ್ರ ತರಲು ಹೇಳಿದರು. ಪತ್ರ ಕೊಟ್ಟ ಮೇಲೆ, ಅದನ್ನು ಬೇರೊಂದು ಊರಿನ ಕಚೇರಿಗೆ ಕಳಿಸಬೇಕು ಎಂದರು. ಕಳಿಸಿದ ಪತ್ರಕ್ಕೆ ಉತ್ತರ ಬರಲಿಲ್ಲ. ಆ ಸ್ಮಾರಕದ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಬಿಸಿಲಿನಲ್ಲಿ ನಿಂತು ಕೆಲಸ ಮಾಡುವ ಕಾವಲುಗಾರರೊಬ್ಬರಿಗೆ ನನ್ನ ಪತ್ರದಿಂದ ತೊಂದರೆಯಾಗಬಾರದು. ಅವರು ಒರಟಾಗಿ ನಡೆದುಕೊಳ್ಳಲಿಲ್ಲ. ಪೆನ್ಸಿಲ್ ಹಿಡಿದು ಕುಳಿತವರನ್ನು ಏನು ಮಾಡಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಹೇಳಿಕೊಡದೆ ಇದ್ದಾಗ ತಡೆಯುವುದೇ ಅವರಿಗೆ ಸುರಕ್ಷಿತ. ಇದೇ ಅನುಭವ ಬೇರೆ ಬೇರೆ ಕಡೆ ನನ್ನ ಹಿರಿಯ ವಿದ್ಯಾರ್ಥಿಗಳಿಗೂ ಆಗಿದೆ.

2018ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ಅಜಂತಾದ ಭಿತ್ತಿಚಿತ್ರಗಳಂಥ ಕೆಲವನ್ನು ಬಿಟ್ಟು ತನ್ನ ವ್ಯಾಪ್ತಿಯ ಸ್ಮಾರಕಗಳಲ್ಲಿ ಛಾಯಾಚಿತ್ರ ತೆಗೆಯಲು ಅವಕಾಶ ಕೊಟ್ಟಿತು. ಅದು ಸ್ವಾಗತಾರ್ಹ ನಿರ್ಧಾರ, ಅದರಿಂದ ನಮಗೂ ಉಪಯೋಗವಾಗಿದೆ. ಆದರೆ ಅಲ್ಲಿಂದೀಚೆಗೆ ‘ಫೋಟೊಕ್ಕೆ ಅನುಮತಿ ಇರುವಾಗ ಚಿತ್ರ ಬರೆಯುವ ಅಗತ್ಯವೇನು’ ಎಂಬ ಪ್ರಶ್ನೆಯನ್ನು ಅಧಿಕಾರದಲ್ಲಿರುವವರ ಬಾಯಿಂದಲೂ ಕೇಳಿದ್ದೇನೆ. ಈ ಪ್ರಶ್ನೆಗೆ ಉತ್ತರಿಸದೆ ನನ್ನ ಮನವಿ ತಮಗೆ ಅರ್ಥವಾಗಲಾರದು. ಹಾಗಾಗಿ ತುಸು ವಿವರವಾಗಿ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯನ್ನೇ ತೆಗೆದುಕೊಳ್ಳಿ. 1367ರಲ್ಲಿ ಕಟ್ಟಿದ ಈ ಮಸೀದಿಗೆ ಮಸೀದಿಗಳಲ್ಲಿ ಸಾಮಾನ್ಯವಾಗಿರುವ ತೆರೆದ ಅಂಗಳವಿಲ್ಲ, ಇಡೀ ಕಟ್ಟಡದ ಮೇಲೆ ಛಾವಣಿಯಿದೆ. ಪಕ್ಕದ ಸಾಲುಗಳಲ್ಲಿರುವ ಅಗಲವಾದ ಕಮಾನುಗಳು ನೋಡಿದ ಕ್ಷಣಕ್ಕೆ ಎತ್ತರವಾಗಿ ಕಾಣುತ್ತವೆ. ತೋಳನ್ನು ನೇರ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ತುದಿ ಮತ್ತು ಹೆಬ್ಬೆರಳಿನ ನಡುವೆ ಅಳತೆ ಹಿಡಿದಾಗ ಬೇರೆಯೇ ಸಂಗತಿ ತಿಳಿಯುತ್ತದೆ. ಕಮಾನು ಹುಟ್ಟುವ ಜಾಗ ನೆಲಕ್ಕೆ ಬಹಳ ಹತ್ತಿರದಲ್ಲಿದೆ, ಅದರ ಅಗಲಕ್ಕೆ ಹೋಲಿಸಿದರೆ ಕಂಬದ ಭಾಗ ತೀರ ಗಿಡ್ಡ. ಭಾರವನ್ನು ನೆಲದ ಹತ್ತಿರಕ್ಕೆ ಇಳಿಸಿ, ಅಗಲವನ್ನು ಹಿಗ್ಗಿಸಿ, ಆ ಸಾಲಿನಲ್ಲಿ ನಡೆಯುವವನಿಗೆ ಒಂದರೊಳಗೊಂದು ಕಮಾನು ಕಾಣುವಂತೆ ಮಾಡಿದ ಲೆಕ್ಕಾಚಾರ ಅದು. ಮೊಬೈಲಿನ ಕ್ಯಾಮೆರಾ ಇದನ್ನು ಹೇಳುವುದಿಲ್ಲ. ಇಕ್ಕಟ್ಟಾದ ಸಾಲಿನಲ್ಲಿ ಅಗಲ ಕೋನದ ಲೆನ್ಸಿನಿಂದ ತೆಗೆದ ಫೋಟೊದಲ್ಲಿ ಅಂಚಿನ ಕಮಾನುಗಳು ಹಿಗ್ಗುತ್ತವೆ, ದೂರದವು ಕುಗ್ಗುತ್ತವೆ. ಆ ಫೋಟೊ ನೋಡಿ ಕಾಲೇಜಿನಲ್ಲಿ ಬರೆದ ಯಥಾದರ್ಶನದ (ಪರ್ಸ್ಪೆಕ್ಟಿವ್) ಚಿತ್ರ ಕಟ್ಟಡದ ಅನುಪಾತವನ್ನು ಬಿಟ್ಟು ಲೆನ್ಸಿನ ಅನುಪಾತವನ್ನೇ ಕಲಿಸುತ್ತದೆ.

ಶಿಲ್ಪದ ಮಾತು ಬಂದರೆ ಬೆಳಕಿನ ಸಂಗತಿ ಇನ್ನೂ ಮುಖ್ಯವಾಗುತ್ತದೆ. ಭೀಮಾ ನದಿಯ ದಡದ ಪ್ರಾಚೀನ ಬೌದ್ಧ ನೆಲೆಗಳಾದ ಸನ್ನತಿ, ಕನಗನಹಳ್ಳಿಗಳ ಸುಣ್ಣಕಲ್ಲಿನ ಫಲಕಗಳನ್ನು ನಾವು ಪಠ್ಯದಲ್ಲಿ ಓದುತ್ತೇವೆ. ‘ರಾಯ ಅಸೋಕೋ’ ಎಂದು ಬ್ರಾಹ್ಮಿ ಅಕ್ಷರಗಳಲ್ಲಿ ಕೊರೆದ ಫಲಕದಲ್ಲಿ ಅಶೋಕ ತನ್ನ ರಾಣಿಯೊಂದಿಗೆ, ಛತ್ರಿ ಚಾಮರ ಹಿಡಿದ ಪರಿಚಾರಕಿಯರೊಂದಿಗೆ ನಿಂತಿದ್ದಾನೆ. ಹೆಸರು ಸಮೇತ ಅಶೋಕನ ಚಿತ್ರಣ ದೊರೆತದ್ದು ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಎಂಬುದನ್ನು ಪರೀಕ್ಷೆಯಲ್ಲಿ ನಾವೆಲ್ಲ ಸರಿಯಾಗಿ ಬರೆಯುತ್ತೇವೆ. ಆದರೆ ಕಲಾ ವಿದ್ಯಾರ್ಥಿಗೆ ಬೇಕಾದ ಪ್ರಶ್ನೆ ಬೇರೆ. ಇಷ್ಟು ಕಡಿಮೆ ಆಳದ ಉಬ್ಬಿನಲ್ಲಿ ಇಷ್ಟು ಜನ ಒಬ್ಬರ ಹಿಂದೆ ಒಬ್ಬರು ನಿಂತಂತೆ ಶಿಲ್ಪಿ ಹೇಗೆ ತೋರಿಸಿದ? ಒಂದು ಆಕೃತಿಯ ಅಂಚು ಇನ್ನೊಂದರ ಮೇಲೆ ಎಲ್ಲಿ ಹಾಯುತ್ತದೆ, ಎಲ್ಲಿ ಆಳಕ್ಕೆ ಕೊರೆದು ನೆರಳು ಮಾಡಿದ್ದಾನೆ, ಎಲ್ಲಿ ಗೆರೆ ಮಾತ್ರ ಎಳೆದು ಬಿಟ್ಟಿದ್ದಾನೆ ಎಂಬುದನ್ನು ಗೆರೆ ಗೆರೆಯಾಗಿ ಹಿಂಬಾಲಿಸಿದರೆ ಮಾತ್ರ ಉತ್ತರ ಸಿಗುತ್ತದೆ. ಬುದ್ಧನ ರೂಪವನ್ನು ತೋರಿಸದೆ ಖಾಲಿ ಪೀಠ, ಪಾದದ ಗುರುತು, ಬೋಧಿವೃಕ್ಷಗಳಿಂದಲೇ ಅವನ ಇರವನ್ನು ಸೂಚಿಸಿರುವ ಫಲಕಗಳೂ ಇಲ್ಲಿವೆ. ಅಂಥದನ್ನು ಬರೆಯಲು ಕುಳಿತವರ ಪೆನ್ಸಿಲ್ ಆ ಖಾಲಿ ಜಾಗಕ್ಕೆ ಬಂದು ತಡೆಯುತ್ತದೆ, ಸುತ್ತ ಕೈ ಮುಗಿದವರ ಮುಖಗಳೆಲ್ಲ ಎತ್ತ ತಿರುಗಿವೆ ಎಂಬುದು ಆಗ ಗಮನಕ್ಕೆ ಬರುತ್ತದೆ. ಸಂಯೋಜನೆ ಎಂದು ತರಗತಿಯಲ್ಲಿ ವಾರಗಟ್ಟಲೆ ಪಾಠ ಕೇಳುವುದಕ್ಕಿಂತ ಇಂಥ ಒಂದು ಫಲಕದ ಎದುರಿನ ಒಂದು ಬೆಳಿಗ್ಗೆ ಹೆಚ್ಚು ಕಲಿಸುತ್ತದೆ ಎಂದು ನಾನು ನಂಬಿದ್ದೇನೆ. ಬೆಳಿಗ್ಗೆ ಎಂದು ಸುಮ್ಮನೆ ಹೇಳುತ್ತಿಲ್ಲ. ಓರೆ ಬೆಳಕಿನಲ್ಲಿ ಎದ್ದು ಕಾಣುವ ಉಬ್ಬು, ಬೆಳಕು ನೇರ ಬಿದ್ದಾಗ ಚಪ್ಪಟೆಯಾಗಿ ಕಲ್ಲಿನಲ್ಲಿ ಕರಗಿಹೋಗುತ್ತದೆ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯದ ಹೊರಗೋಡೆಯಲ್ಲಿರುವ ಮದನಿಕೆಯರನ್ನು ತಾವು ನೋಡಿರಬಹುದು. ಅವರಲ್ಲಿ ಒಬ್ಬಳು ಕಲ್ಲಿನ ಫಲಕದ ಮೇಲೆ ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆಯ ಶಾಸನವನ್ನು ಬರೆಯುತ್ತಿದ್ದಾಳೆ, ಅಕ್ಷರಗಳನ್ನು ಇಂದಿಗೂ ಓದಬಹುದು. ಆ ಮೈಯ ಬಳುಕು ಎಲ್ಲಿ ಆರಂಭವಾಗುತ್ತದೆ, ಭಾರ ಯಾವ ಕಾಲಿನ ಮೇಲಿದೆ, ಸೊಂಟ ಒಂದು ಕಡೆಗೆ ಸರಿದಾಗ ಭುಜ ಎತ್ತ ಇಳಿಯುತ್ತದೆ ಎಂಬುದನ್ನು ಒಂದೇ ಕಡೆ ನಿಂತು ತೆಗೆದ ಚಿತ್ರದಿಂದ ತಿಳಿಯಲಾಗದು. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ ಸರಿದು ಬರೆದಾಗ ಪ್ರತಿ ಸಲ ಬೇರೆ ಗೆರೆ ಸಿಗುತ್ತದೆ. ಎಂಟೊಂಬತ್ತು ನೂರು ವರ್ಷಗಳ ಹಿಂದೆ ನಮ್ಮ ನಾಡಿನ ಶಿಲ್ಪಿಯೊಬ್ಬ ಬರವಣಿಗೆಯಲ್ಲಿ ಮಗ್ನಳಾದ ಹೆಣ್ಣನ್ನು ಗೋಡೆಯ ಮೇಲೆ ನಿಲ್ಲಿಸಿದ್ದಾನೆ. ಅದೇ ನಾಡಿನಲ್ಲಿ ಹೆಣ್ಣುಮಕ್ಕಳು ಅಂಥ ಗೋಡೆಗಳ ಎದುರು ಕಾಗದ ಹಿಡಿದು ಕುಳಿತರೆ ಎದ್ದು ಹೋಗಿ ಎನ್ನುವುದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ಬೀದರಿನಲ್ಲಿ ಪ್ರಶ್ನೆ ಇನ್ನೊಂದು ರೀತಿಯದು. ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿಗೆ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿ ಬಳ್ಳಿ, ಹೂ, ಅಕ್ಷರಗಳನ್ನು ಮಾಡಿದ್ದಾರೆ. ನೋಡುವವರು ಸ್ವಲ್ಪ ಅಲುಗಿದರೆ ಚಿಪ್ಪಿನ ಬಣ್ಣ ಬದಲಾಗುತ್ತದೆ, ಹಸಿರಾಗಿದ್ದದ್ದು ಗುಲಾಬಿಯಾಗುತ್ತದೆ. ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗುಮ್ಮಟದ ಒಳಗೋಡೆ ಮತ್ತು ಛತ್ತಿನ ಮೇಲೆ ಕುಂಕುಮಗೆಂಪು, ಚಿನ್ನ, ನೀಲಿಗಳಲ್ಲಿ ಬಿಡಿಸಿದ ಚಿತ್ತಾರವಿದೆ, ಕತ್ತಲೆಗೆ ಕಣ್ಣು ಹೊಂದಿಕೊಂಡ ಹಾಗೆಲ್ಲ ಅದು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಇಂಥ ಸೂಕ್ಷ್ಮ ಜಾಗಗಳಿಗೆ ಕಾವಲು ಬೇಕು, ಬೀಗವೂ ಬೇಕಾಗಬಹುದು. ಆದರೆ ಬೀಗದ ಕೈ ಇರುವವರು ಬಾಗಿಲು ತೆರೆದು, “ಲಗೂ ನೋಡ್ಕೊಂಡು ಬರ್ರಿ” ಎಂದು ಹೊರಗೆ ಕಾಯುತ್ತಿರುವಾಗ ಒಂದು ಗೋಡೆಯ ಒಂದು ಮೂಲೆಯನ್ನಾದರೂ ನೋಡಿ ಮುಗಿಸಲು ಸಾಧ್ಯವಿಲ್ಲ. ಕತ್ತಲೆಗೆ ಕಣ್ಣು ಹೊಂದುವ ಮೊದಲೇ ಹೊರಗೆ ಬಂದಿರುತ್ತೇವೆ.

ಇದು ನಮ್ಮಂಥ ವಿದ್ಯಾರ್ಥಿಗಳ ಕಷ್ಟ ಮಾತ್ರವಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬಿದರಿ ಕಲೆಯ ಇಡೀ ಕೆಲಸ ಕೈಬರಹದ ಗೆರೆಯ ಮೇಲೆ ನಿಂತಿದೆ. ಸತು ಮತ್ತು ತಾಮ್ರದ ಎರಕವನ್ನು ನುಣುಪು ಮಾಡಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಹಚ್ಚಿ ಕಪ್ಪಾಗಿಸಿ, ಚೂಪಾದ ಮೊನೆಯಿಂದ ನೇರವಾಗಿ ಲೋಹದ ಮೇಲೆಯೇ ಬಳ್ಳಿಯನ್ನು ಬರೆಯುತ್ತಾರೆ. ಆ ಗೆರೆಯನ್ನು ಉಳಿಯಿಂದ ಕೊರೆದು ಅದರೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚಿದಾಗ ಲೋಹ ಶಾಶ್ವತವಾಗಿ ಕಪ್ಪಾಗಿ, ಬೆಳ್ಳಿ ಹಾಗೇ ಹೊಳೆಯುತ್ತದೆ. ಕೋಟೆಯ ಮಣ್ಣು ಇಲ್ಲದೆ ಬಿದರಿ ಇಲ್ಲ ಎಂದು ನಾವು ಅತಿಥಿಗಳಿಗೆ ಅಭಿಮಾನದಿಂದ ಹೇಳುತ್ತೇವೆ. ಕೋಟೆಯ ಗೋಡೆಗಳ ಮೇಲಿರುವ ಬಳ್ಳಿಗಳನ್ನು ನೋಡಿ ಬರೆಯುವ ಅವಕಾಶ ಆ ಕಸುಬಿನ ಮನೆಗಳ ಮಕ್ಕಳಿಗೂ ಇರಬೇಡವೇ? ಹಳೆಯ ನಮೂನೆಗಳನ್ನು ನಕಲಿನ ನಕಲಿನಿಂದ ಕಲಿಯುತ್ತಾ ಹೋದರೆ ಗೆರೆ ಪ್ರತಿ ತಲೆಮಾರಿಗೂ ಸಡಿಲವಾಗುತ್ತದೆ. ಸುರಪುರದ ಚಿನ್ನದ ಲೇಪದ ಕಿರುಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ, ಅವುಗಳ ಕುಸುರಿ ಕಾಣಬೇಕಾದರೆ ಮೂಲ ಚಿತ್ರದ ಹತ್ತಿರ ಮುಖ ಒಯ್ಯಬೇಕು.

ತಮ್ಮ ಆತಂಕಗಳು ನನಗೆ ತಿಳಿಯದೆ ಇಲ್ಲ. ಗೋಡೆಗಳ ಮೇಲೆ ಹೆಸರು ಗೀಚುವವರಿದ್ದಾರೆ, ಹೆಂಚಿನ ಚೂರುಗಳನ್ನು ಕಿತ್ತು ಒಯ್ಯುವವರಿದ್ದಾರೆ. ಬಣ್ಣ ಚೆಲ್ಲಬಹುದು, ನೀರು ಬೀಳಬಹುದು, ಗುಂಪು ಕೂಡಬಹುದು. ಅದಕ್ಕಾಗಿಯೇ ನಾವು ಬಣ್ಣಕ್ಕೆ ಅನುಮತಿ ಕೇಳುತ್ತಿಲ್ಲ. ಪೆನ್ಸಿಲ್ ಮತ್ತು ಕಾಗದ ಸಾಕು. ಗೋಡೆ ಅಥವಾ ಶಿಲ್ಪವನ್ನು ಮುಟ್ಟುವುದಿಲ್ಲ, ಅದರ ಮೇಲೆ ಕಾಗದ ಇಟ್ಟು ಅಚ್ಚು ತೆಗೆಯುವುದಿಲ್ಲ, ಎಷ್ಟು ದೂರ ಕುಳಿತುಕೊಳ್ಳಬೇಕೆಂದು ತಾವು ಗುರುತು ಹಾಕಿದರೆ ಅಲ್ಲಿಯೇ ಕುಳಿತುಕೊಳ್ಳುತ್ತೇವೆ. ಗುರುತಿನ ಚೀಟಿ ಬಾಗಿಲಲ್ಲಿ ಒತ್ತೆ ಇಡಲೂ ಸಿದ್ಧ. ಒಂದು ಗೋಡೆಯನ್ನು ಎರಡು ಗಂಟೆ ನೋಡಿದವರಿಗೆ ಅದರ ಮೇಲೆ ಗೀಚುವ ಮನಸ್ಸು ಬರುವುದಿಲ್ಲ, ಬೇರೆಯವರು ಗೀಚಿದರೆ ಸುಮ್ಮನಿರಲೂ ಆಗುವುದಿಲ್ಲ. ಬಹಮನಿ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ 1472ರದು, 1696ರ ಸ್ಫೋಟದಲ್ಲಿ ಅದರ ಒಂದು ಮಿನಾರ್ ಮತ್ತು ಮುಂಭಾಗದ ದೊಡ್ಡ ಪಾಲು ಕುಸಿಯಿತು. ಉಳಿದ ಮಿನಾರಿನ ಮೇಲೆ ಅಂಕುಡೊಂಕಾಗಿ ಕೂರಿಸಿದ ಬಣ್ಣದ ಹೆಂಚುಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂಬುದನ್ನು ಚಿತ್ರ ಬರೆಯುವವರು ಒಂದೊಂದಾಗಿ ಲೆಕ್ಕ ಹಾಕಲೇಬೇಕಾಗುತ್ತದೆ. ಹೀಗೆ ದಿನಾಂಕ ಹಾಕಿ ಬರೆದ ಚಿತ್ರಗಳ ಪ್ರತಿಗಳನ್ನು ತಮ್ಮ ಕಚೇರಿಗೆ ಕೊಡಲು ನಾವು ಸಂತೋಷದಿಂದ ಒಪ್ಪುತ್ತೇವೆ, ಮುಂದೆ ದುರಸ್ತಿ ಮಾಡುವವರಿಗೆ ಅವು ನೆರವಾಗಬಹುದು.

ಇದಕ್ಕೆ ಪೂರ್ವನಿದರ್ಶನ ದೂರದಲ್ಲಿಲ್ಲ. ಕಲಬುರಗಿ, ಬೀದರ್‌ಗಳಂತೆ ಅಜಂತಾ ಕೂಡ ಆಗ ನಿಜಾಮರ ಆಡಳಿತದಲ್ಲಿತ್ತು. 1909ರಿಂದ 1911ರವರೆಗೆ ಇಂಗ್ಲೆಂಡಿನ ಕಲಾವಿದೆ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಂ ಅವರ ತಂಡ ಅಜಂತಾದ ಗುಹೆಗಳಲ್ಲಿ ಕುಳಿತು ಭಿತ್ತಿಚಿತ್ರಗಳನ್ನು ನೋಡಿ ಬರೆಯಿತು, ನಿಜಾಮರ ಸರ್ಕಾರ ಆ ಕೆಲಸಕ್ಕೆ ನೆರವು ನೀಡಿತು. ಆ ತಂಡದಲ್ಲಿ ಆಗಿನ್ನೂ ಇಪ್ಪತ್ತರ ಹರೆಯದ ನಂದಲಾಲ್ ಬೋಸ್ ಇದ್ದರು, ಹೈದರಾಬಾದಿನ ಕಲಾವಿದ ಸೈಯದ್ ಅಹ್ಮದ್ ಇದ್ದರು. ಅಲ್ಲಿ ಕಲಿತ ಗೆರೆ ನಂದಲಾಲರ ಮುಂದಿನ ಕೆಲಸಕ್ಕೆ ಎಷ್ಟು ದಕ್ಕಿತು ಎಂಬುದನ್ನು ಕಲಾ ಇತಿಹಾಸ ಓದಿದವರೆಲ್ಲ ಬಲ್ಲರು. ಹತ್ತೊಂಬತ್ತನೇ ಶತಮಾನದಲ್ಲಿ ಸುರಪುರದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಕೂಡ ಆ ಸೀಮೆಯ ಬೃಹತ್ ಶಿಲಾಸಮಾಧಿಗಳನ್ನು ಅಳೆದು ದಾಖಲಿಸಿದ್ದರು, ಸ್ವತಃ ಚಿತ್ರ ಬರೆಯುತ್ತಿದ್ದರು. ಈ ನೆಲದಲ್ಲಿ ಸ್ಮಾರಕಗಳ ಅಧ್ಯಯನ ಶುರುವಾದದ್ದೇ ಕಾಗದ ಪೆನ್ಸಿಲ್ಲುಗಳಿಂದ.

ನಮ್ಮ ಊರಿನವರೇ ಆದ ಎಸ್.ಎಂ. ಪಂಡಿತ್ ಅವರ ಹೆಸರನ್ನು ಕಲಬುರಗಿಯ ರಂಗಮಂದಿರಕ್ಕೆ ಇಟ್ಟಿದ್ದೇವೆ. ಅವರ ದೇವರ ಚಿತ್ರಗಳು ಕ್ಯಾಲೆಂಡರುಗಳಾಗಿ ಎಷ್ಟೋ ಮನೆಗಳ ಗೋಡೆ ಸೇರಿದವು. ಕಲಾವಿದರನ್ನು ಗೌರವಿಸುವ ಊರು ಇದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ಗೌರವದ ಒಂದು ಪಾಲು ಕಲಿಯುತ್ತಿರುವವರಿಗೂ ಸಿಗಲಿ ಎಂಬುದು ನನ್ನ ಕೋರಿಕೆ. ದೊಡ್ಡ ಕಲಾ ಸಂಗ್ರಹ ನೋಡಬೇಕಾದರೆ ನಾವು ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯಕ್ಕೋ, ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬೆಂಗಳೂರಿಗೋ ಹೋಗಬೇಕು. ಎಲ್ಲರ ಮನೆಯಲ್ಲೂ ಅಷ್ಟು ಹಣವಿಲ್ಲ, ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸಲು ಎಲ್ಲರೂ ಒಪ್ಪುವುದೂ ಇಲ್ಲ. ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಮನೆ ಸೇರಬಹುದಾದ ದೂರದಲ್ಲಿ ಜಲಸಂಗಿ, ಅಷ್ಟೂರು, ಸನ್ನತಿಗಳಿವೆ. ಅಲ್ಲಿ ಕುಳಿತುಕೊಳ್ಳುವುದಕ್ಕೂ ಅಡ್ಡಿಯಾದರೆ ನಮಗೆ ಉಳಿಯುವುದು ಮೊಬೈಲಿನ ಪರದೆ ಮಾತ್ರ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಪ್ರವಾಸಿಗರು ಸ್ಮಾರಕದ ಆವರಣದಲ್ಲಿ ಕುಳಿತು ಪೆನ್ಸಿಲ್ಲಿನಿಂದ ಕಾಗದದ ಮೇಲೆ ಚಿತ್ರ ಬರೆಯಬಹುದು ಎಂದು ಒಂದು ಸುತ್ತೋಲೆ ಹೊರಡಿಸಿ, ಅದರ ಸಾರವನ್ನು ಪ್ರವೇಶದ್ವಾರದ ಫಲಕದಲ್ಲಿ ಉಳಿದ ನಿಯಮಗಳ ಜೊತೆಗೆ ಕನ್ನಡದಲ್ಲಿ ಬರೆಸಿ. ಮುಖ್ಯವಾಗಿ ಅದನ್ನು ಕಾವಲಿನ ಸಿಬ್ಬಂದಿಗೆ ತಿಳಿಸಿ ಹೇಳಿ, ಏಕೆಂದರೆ ನಮ್ಮ ಪಾಲಿಗೆ ಇಲಾಖೆ ಎಂದರೆ ಅವರೇ. ಇದಕ್ಕೆ ಹಣ ಬೇಕಿಲ್ಲ. ಷರತ್ತುಗಳಿದ್ದರೆ ಅವನ್ನೂ ಅಲ್ಲೇ ಬರೆಸಿ, ನಾವು ಪಾಲಿಸುತ್ತೇವೆ.

ಬೀಗ ಹಾಕಿಡಬೇಕಾದ ಕೋಣೆಗಳ ವಿಷಯದಲ್ಲಿ, ತಿಂಗಳಿಗೆ ಒಂದು ಬೆಳಿಗ್ಗೆಯಾದರೂ ಕಲಾ ವಿದ್ಯಾರ್ಥಿಗಳಿಗೂ ಕುಶಲಕರ್ಮಿಗಳಿಗೂ ಮುಂಚಿತವಾಗಿ ಹೆಸರು ಕೊಟ್ಟು ಬರುವ ವ್ಯವಸ್ಥೆ ಮಾಡಿ. ಒಮ್ಮೆಗೆ ಐದಾರು ಜನ, ಜೊತೆಗೆ ಒಬ್ಬ ಸಿಬ್ಬಂದಿ ಇದ್ದರೆ ಸಾಕು. ವಸ್ತುಸಂಗ್ರಹಾಲಯಗಳ ಸಮಯದ ಬಗ್ಗೆಯೂ ಒಂದು ಮಾತು. ನಮ್ಮ ಭಾಗದ ಬೇಸಿಗೆಯನ್ನು ಗಮನಿಸಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ರೂಢಿಯಿದೆ. ಕಾಲೇಜಿಗೆ ರಜೆ ಇದ್ದು ನಮಗೆ ಬಿಡುವಾಗುವುದು ಅದೇ ತಿಂಗಳುಗಳಲ್ಲಿ. ಸಂಗ್ರಹಾಲಯಗಳನ್ನೂ ಆ ಎರಡು ತಿಂಗಳು ಬೆಳಿಗ್ಗೆ ಬೇಗ ತೆರೆದರೆ ನಾವು ತಂಪು ಹೊತ್ತಿನಲ್ಲಿ ಕೆಲಸ ಮಾಡಬಹುದು. ಒಳಗೆ ನಾಲ್ಕು ಸ್ಟೂಲುಗಳು, ಒಂದು ಬದಿಯಿಂದ ಬೀಳುವ ಬೆಳಕು, ಪ್ರತಿ ವಸ್ತುವಿನ ಬಳಿ ಅದು ಯಾವ ಊರಿನಿಂದ ಬಂತು, ಯಾವ ಕಲ್ಲು, ಏನನ್ನು ಕೆತ್ತಿದ್ದಾರೆ ಎಂದು ಹೇಳುವ ಕನ್ನಡದ ಚೀಟಿ ಇರಲಿ. ‘ಶಿಲ್ಪ, 11ನೇ ಶತಮಾನ’ ಎಂದಷ್ಟೇ ಬರೆದ ಚೀಟಿ ನೋಡುವವರನ್ನು ಮುಂದಕ್ಕೆ ತಳ್ಳುತ್ತದೆ.

ಶಾಲಾ ಮಕ್ಕಳ ಪ್ರವಾಸದ ವಿಷಯವನ್ನು ಇಲ್ಲೇ ಸೇರಿಸುತ್ತೇನೆ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳು ಹಳ್ಳಿ ಹಳ್ಳಿಗಳಲ್ಲಿದ್ದಾರೆ, ಹೂಜಿ ಬದನೆಕಾಯಿಗಳನ್ನು ಬಹಳ ಚೆನ್ನಾಗಿ ಬರೆಯುತ್ತಾರೆ. ಅವರು ಪ್ರವಾಸಕ್ಕೆ ಬಂದಾಗ ಸಾಲಾಗಿ ನಿಲ್ಲಿಸಿ ಹೊರಗೆ ಕಳಿಸುವ ಬದಲು ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ತಮಗೆ ಇಷ್ಟವಾದ ಒಂದು ವಸ್ತುವಿನ ಮುಂದೆ ಅರ್ಧ ಗಂಟೆ ಕೂರಿಸುವಂತೆ ಶಿಕ್ಷಕರಿಗೆ ತಾವು ಸೂಚಿಸಬಹುದು. ಸನ್ನತಿಯಲ್ಲಿ ಅಶೋಕನ ಶಾಸನವಿದ್ದ ಬಂಡೆ ದೇವಿಯ ವಿಗ್ರಹದ ಪೀಠವಾಗಿ, ನಡುವೆ ರಂಧ್ರ ಕೊರೆಸಿಕೊಂಡು ಎಷ್ಟೋ ಕಾಲ ಇತ್ತು. 1986ರಲ್ಲಿ ಗುಡಿಯ ಛಾವಣಿ ಕುಸಿದಾಗಲೇ ಅದು ಲೋಕದ ಕಣ್ಣಿಗೆ ಬಿದ್ದದ್ದು. ಇನ್ನೂ ಎಷ್ಟು ಹಳ್ಳಿಗಳ ಗುಡಿಯ ಕಟ್ಟೆಗಳಲ್ಲಿ, ಬಾವಿಯ ಗೋಡೆಗಳಲ್ಲಿ ಏನೇನಿದೆಯೋ, ಅವುಗಳ ಮುಂದೆ ದಿನವೂ ಓಡಾಡುವವರು ಈ ಮಕ್ಕಳೇ ತಾನೆ.

ಕೊನೆಯದಾಗಿ, ನಮ್ಮ ಅರ್ಜಿಗಳನ್ನು ಸ್ವೀಕರಿಸಿ ಉತ್ತರಿಸುವ ಅಧಿಕಾರ ಇರುವ ಒಬ್ಬರನ್ನು ಪ್ರತಿ ಜಿಲ್ಲೆಯಲ್ಲಿ ಗೊತ್ತುಪಡಿಸಿ, ಅವರ ಹುದ್ದೆ ಮತ್ತು ಕಚೇರಿಯ ವಿಳಾಸವನ್ನು ಕಲಾ ಕಾಲೇಜುಗಳಿಗೆ ತಿಳಿಸಬೇಕೆಂದು ಕೋರುತ್ತೇನೆ. ಅನುಮತಿ ಕೊಡಲಾಗದಿದ್ದರೆ ಯಾವ ನಿಯಮದ ಪ್ರಕಾರ ಕೊಡಲಾಗದು ಎಂಬುದನ್ನಾದರೂ ಲಿಖಿತವಾಗಿ ತಿಳಿಸಿ. ಮುಂದಿನ ಬೇಸಿಗೆ ರಜೆಗೆ ಮುನ್ನ ಈ ಬಗ್ಗೆ ಒಂದು ತೀರ್ಮಾನ ಆದರೆ, ಈಗ ಮೊದಲ ವರ್ಷದಲ್ಲಿ ಓದುತ್ತಿರುವ ನಮ್ಮ ಕಿರಿಯರಿಗೆ ಕೋರ್ಸು ಮುಗಿಯುವುದರೊಳಗೆ ಅದರ ಪ್ರಯೋಜನ ಸಿಗುತ್ತದೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ದೃಶ್ಯಕಲಾ ವಿದ್ಯಾರ್ಥಿನಿ
ಕಲಬುರಗಿ